ಗವಿಸಿದ್ದಯ್ಯನ ಅನುಭವ

“ಇಡ್ರಿ ಅಲ್ಲೇ! ತಟ್ಟೆ ಎತ್ತಿದ್ರೆ ಕೈ ಮುರೀತೀನಿ!”

ಬಸವಲಿಂಗಮ್ಮ ಓಡಿಬಂದು ರೇಷ್ಮೆಹುಳುವಿನ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಇನ್ನೊಂದು ಅಂಚು ಹಿಡಿದಿದ್ದವನು ಮೈದುನ ವೃಷಭೇಂದ್ರಪ್ಪ. ಅಣ್ಣ ಗವಿಸಿದ್ದಯ್ಯ ಬೆಳಗಿನ ಜಾವ ಸತ್ತ ಸುದ್ದಿ ಮುಟ್ಟಿದ್ದೇ ಬೈರಾಪಟ್ಟಣದಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ಬಂದವನು ಅಳುವುದಕ್ಕೂ ಮೊದಲು ಪಡಸಾಲೆಯನ್ನು ಕಣ್ಣಲ್ಲೇ ಅಳೆದಿದ್ದ. ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಬೇಕು, ವಿಭೂತಿ ಹಚ್ಚಬೇಕು, ನಾಲ್ಕು ಜನ ಬಂದು ನೋಡಿ ಹೋಗಬೇಕು. ಗೋಡೆಯ ಉದ್ದಕ್ಕೂ ಹುಳುವಿನ ತಟ್ಟೆಗಳಿದ್ದವು.

“ಅತ್ತಿಗಮ್ಮ, ಅಣ್ಣ ಕುಂತ್ಕಳಕ್ಕೆ ಜಾಗ ಬೇಡ್ವ? ಒಂದೊತ್ತು ಹುಳ ಅಂಗಳದಾಗೆ ಇರಲಿ.”

“ಹುಳ ಹಣ್ಣಾಗವೆ. ಬಿಸಿಲಿಗಿಟ್ರೆ ಒಂದೂ ಉಳಿಯಕ್ಕಿಲ್ಲ. ಅವ್ರು ಜಗಲಿ ಮೇಲೆ ಕುಂತ್ಕಳ್ಲಿ. ಬದುಕಿದ್ದಾಗ್ಲೂ ಅಲ್ಲೇ ತಾನೆ ಕುಂತಿರ್ತಿದ್ದದ್ದು?”

ಹುಳು ಹಣ್ಣಾಗುವುದೆಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೂ ಆಯ್ದು ಸುತ್ತು ಸುತ್ತಾಗಿ ಹೆಣೆದ ಬಿದಿರಿನ ಚಂದ್ರಂಕಿಯ ಮೇಲೆ ಬಿಡಬೇಕು. ತಡವಾದರೆ ನೂಲನ್ನೆಲ್ಲ ಕಸದ ಮೇಲೆ ಉಗುಳಿ ಹಾಳಾಗುತ್ತವೆ. ಅದು ಊರಿಗೆಲ್ಲ ಗೊತ್ತಿದ್ದ ವಿಚಾರ. ಆದರೂ ಗಂಡನ ಹೆಣ ಮುಂದಿಟ್ಟುಕೊಂಡು ಹುಳುವಿನ ಮಾತಾಡಿದಳಲ್ಲ ಎಂದು ಬಂದವರೆಲ್ಲ ಮೂಗು ಮುರಿದರು.

ಮಠದ ಅಯ್ಯನವರಿಗೆ ಬಿಸಿಲೇರುವ ಮೊದಲು ಮುಗಿದರೆ ಸಾಕಾಗಿತ್ತು. “ಶರಣರಿಗೆ ಒಳಗೇನು, ಹೊರಗೇನು? ಜಗಲೀಲೇ ಕೂರಿಸ್ರಪ್ಪ” ಎಂದುಬಿಟ್ಟರು.

“ಇನ್ನೊಂದು ಮಾತು” ಎಂದಳು ಬಸವಲಿಂಗಮ್ಮ. “ಹೊಗೆಸೊಪ್ಪು ಮುಟ್ಟಿದೋರು ಯಾರೂ ಹೊಸಲು ದಾಟ್ಕೂಡದು.”

“ಹೆಣ ಹೊರಕ್ಕೆ ಬಂದೋರ್ಗೆ ಹೊಗೆಸೊಪ್ಪು ಬ್ಯಾಡ ಅಂತಾಳಲ್ಲಪ್ಪ! ತಲೆ ನೆಟ್ಟಗೈತಾ ಇವಳ್ಗೆ?” ಎಂದ ಪಕ್ಕದ ಮನೆಯ ನರಸಯ್ಯ. ಅವನೂ ಹುಳು ಸಾಕುವವನೇ.

ವೃಷಭೇಂದ್ರಪ್ಪ ಕೈ ಕೊಡವಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಆಗ್ಲಿ ಅತ್ತಿಗಮ್ಮ. ಈ ಬೆಳೆ ಗೂಡಾದ್ರೆ ಈ ಮನೇಲೇ ಇರಿ, ತೋಟಾನೂ ನೀವೇ ಮಾಡ್ಕಳಿ. ಹೋತು ಅಂದ್ರೆ ತೋಟ ನಾನು ನೋಡ್ಕತೀನಿ, ನೀವು ಬೈರಾಪಟ್ಟಣಕ್ಕೆ ಬಂದ್ಬುಡಿ. ಅಯ್ನೋರೇ ಸಾಕ್ಷಿ.”

ಎಂಥ ಉದಾರಿ! ಜನ ಅವನ ದೊಡ್ಡ ಮನಸ್ಸಿಗೆ ತಲೆದೂಗಿದರು. ಬಸವಲಿಂಗಮ್ಮನಿಗೆ ಮಾತ್ರ ಅದರ ಒಳಗುಟ್ಟು ಗೊತ್ತಿತ್ತು. ಬೈರಾಪಟ್ಟಣದ ಆ ಮನೆಯಲ್ಲಿ ಆಗಲೇ ಒಬ್ಬ ವಿಧವೆ ಇದ್ದಳು, ವೃಷಭೇಂದ್ರಪ್ಪನ ಸೋದರತ್ತೆ ಸರಸಮ್ಮ. ಬೀಸುಕಲ್ಲಿನ ಪಕ್ಕದಲ್ಲೇ ಅವಳ ಹಾಸಿಗೆ. ಚಿಟಿಕೆ ಉಪ್ಪು ಬೇಕೆಂದರೂ ಅವನ ಹೆಂಡತಿಯ ಮುಖ ನೋಡಬೇಕಿತ್ತು.

*

ಚನ್ನಪಟ್ಟಣದ ಆ ಬೀದಿಯಲ್ಲಿ ಗವಿಸಿದ್ದಯ್ಯನಿಗೆ ಅನುಭವಸ್ಥ ಎಂದು ಹೆಸರು. ಯಾಕೆಂದರೆ ಅವನಷ್ಟು ಬೆಳೆ ಕಳೆದುಕೊಂಡವನು ಇನ್ನೊಬ್ಬನಿರಲಿಲ್ಲ. ಹುಳು ಸತ್ತಾಗಲೆಲ್ಲ ತಿಪ್ಪೆಗೆ ಸುರಿದು ಬಂದು, ಜಗಲಿಯ ಮೇಲೆ ಕಾಲು ಮಡಚಿ ಕೂತು, ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ಹೆಬ್ಬೆರಳಲ್ಲಿ ತಿಕ್ಕುತ್ತಿದ್ದ. “ಸೋಲ್ಬೇಕು ಕಣ್ರಲಾ. ಸೋತೋನೇ ಕಲಿಯೋದು” ಎನ್ನುತ್ತಿದ್ದ. ಸುತ್ತ ಕೂತವರು ಹೂಂಗುಟ್ಟುತ್ತಿದ್ದರು.

ಕಲಿತದ್ದೇನು, ಮಣ್ಣು! ಒಂದು ಬೆಳೆ ಹೋದಾಗ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದ. ಇನ್ನೊಂದು ಹೋದಾಗ ಕುಣಿಗಲ್ ಕಡೆಯಿಂದ ಬೇರೆ ಮೊಟ್ಟೆ ತಂದ. ಮತ್ತೊಂದು ಹೋದಾಗ ಆಚೆ ಮನೆಯ ಕಾವೇರಮ್ಮನ ಕಣ್ಣು ತಾಗಿತೆಂದು ಆ ಮುದುಕಿಯ ಮನೆಯ ಕಡೆಗೆ ತಡಿಕೆ ಕಟ್ಟಿದ. ಹೆಂಗಸರನ್ನು ಹುಳುವಿನ ಹತ್ತಿರ ಬಿಡಲಿಲ್ಲ. ಹೊಗೆಸೊಪ್ಪು ತಿಕ್ಕಿದ ಅದೇ ಅಂಗೈಯಲ್ಲಿ ಹಿಪ್ಪುನೇರಳೆ ಸೊಪ್ಪು ಬಾಚಿ ತಾನೇ ಹಾಕಿದ.

ಒಂದು ವರ್ಷ ಅವನಿಗೆ ಬಾಯಿ ತುಂಬ ಹುಣ್ಣಾಯಿತು. ಹೊಗೆಸೊಪ್ಪು ಮುಟ್ಟಬೇಡ ಎಂದು ಪಂಡಿತರು ಗದರಿಸಿದರು. ಆ ಸಲ ಹುಳು ಒಂದೂ ಸಾಯದೆ ಚಂದ್ರಂಕಿ ಹತ್ತಿದವು, ಗೂಡು ತುಂಬಿ ತುಳುಕಿತು. ಬಾಯಿ ವಾಸಿಯಾಯಿತು, ಹೊಗೆಸೊಪ್ಪಿನ ಸಂಚಿ ಮತ್ತೆ ಸೊಂಟಕ್ಕೆ ಬಂತು, ಮುಂದಿನ ಬೆಳೆ ತಿಪ್ಪೆ ಸೇರಿತು. ಬಸವಲಿಂಗಮ್ಮ ಹೇಳಿಯೇಬಿಟ್ಟಳು:

“ಬಾಯಿ ಹುಣ್ಣಾದಾಗ ನೀವು ಹೊಗೆಸೊಪ್ಪು ಬುಟ್ಟಿದ್ರಿ. ಅದ್ಕೇ ಅವತ್ತು ಹುಳ ಬದುಕ್ದೊ.”

ಗವಿಸಿದ್ದಯ್ಯ ಕೆಮ್ಮು ಬರುವಷ್ಟು ನಕ್ಕ. “ಒಂದು ಬೆಳೇನಾರ ಸೋತಿದ್ದೀಯೇನೇ ನೀನು? ಏನೂ ಸೋಲ್ದೋಳ್ಗೆ ಏನು ಗೊತ್ತಾದದು? ಅವತ್ತು ಗೆದ್ದಿದ್ದು ಪೂರ್ವದ ಬಾಗ್ಲಿಂದ ಕಣೇ!” ಜಗಲಿಗೆ ಹೋಗಿ ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದ. ಅದನ್ನು ಕೇಳಿ ನರಸಯ್ಯ ತನ್ನ ಮನೆಯ ಬಾಗಿಲನ್ನೂ ಪೂರ್ವಕ್ಕೆ ಒಡೆಸಿದ. ಒಂದು ಗೆಲುವು ಸಿಕ್ಕಿದ್ದೇ ತಡ, ಗವಿಸಿದ್ದಯ್ಯ ಬೀದಿಗೆಲ್ಲ ಗುರುವಾಗಿ ಕೂತ. ಅವಳು ಆಮೇಲೆ ಬಾಯಿ ಬಿಡಲಿಲ್ಲ. ಸಿಟ್ಟನ್ನು ನುಂಗಿಕೊಂಡು ಸೊಪ್ಪು ಕೊಯ್ದು ತಂದುಕೊಟ್ಟಳು, ಸತ್ತ ಹುಳು ಗುಡಿಸಿದಳು.

ಈ ಸಲ ಮೊಟ್ಟೆ ಒಡೆಯುವ ಮೊದಲೇ ಅವನಿಗೆ ಲಕ್ವ ಹೊಡೆಯಿತು. ಮಲಗಿದಲ್ಲಿಂದಲೇ “ಅದು ಮಾಡು, ಇದು ಮಾಡು” ಎಂದು ತೊದಲುತ್ತಿದ್ದ. ಅವಳು ಹೂಂ ಎನ್ನುತ್ತ, ಒಂದನ್ನೂ ಮಾಡದೆ, ತನ್ನ ಕೈಯಿಂದ ಹುಳು ಬೆಳೆಸಿದಳು. ಹುಳು ಬೆರಳಿನಷ್ಟು ದಪ್ಪಗೆ ಬೆಳೆದವು. ತನ್ನನ್ನು ಎತ್ತಿಕೊಂಡು ಹೋಗಿ ತೋರಿಸು ಎಂದು ಅವನು ಅಂಗಲಾಚಿದರೂ ತೋರಿಸಲಿಲ್ಲ. ಅದೊಂದು ಅವಳಿಗೆ ಈಗ ಸ್ವಲ್ಪ ಚುಚ್ಚುತ್ತಿತ್ತು.

*

ಜಗಲಿಯ ಮೇಲೆ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಗವಿಸಿದ್ದಯ್ಯ ಕಂಬಕ್ಕೆ ಒರಗಿ ಕೂತಿದ್ದ. ಎದುರಿಗೆ ಕೂತವರು ಹೊಗೆಸೊಪ್ಪು ತಿಕ್ಕುತ್ತ ಅವನ ಗುಣಗಾನಕ್ಕೆ ತೊಡಗಿದ್ದರು.

“ಎಷ್ಟು ಸೋತ್ರೂ ಎದೆಗುಂದ್ಲಿಲ್ಲ ಪುಣ್ಯಾತ್ಮ” ಎಂದ ನರಸಯ್ಯ. “ಕಷ್ಟ ಕಲಿಸೋದ್ನ ಯಾವ ಗುರೂನೂ ಕಲಿಸಕ್ಕಿಲ್ಲ.”

“ಸೋತು ಏನ್ಲಾ ಕಲಿಯೋದು, ಸೋಲೋದನ್ನೇ ತಾನೆ?” ಎಂದ ವೃಷಭೇಂದ್ರಪ್ಪ. “ಗೆದ್ದು ಕಲೀಬೇಕು. ನನ್ನ ನೋಡು. ಬೆಲ್ಲದ ಮಂಡಿ ಇಟ್ಟೆ, ಗೆದ್ದೆ. ಈಗ ಯಾವ ಯಾಪಾರಕ್ಕೆ ಕೈ ಹಾಕಿದ್ರೂ ತಿಳೀತದೆ.”

ಮಂಡಿ ಇಟ್ಟವನು ಅವನ ಮಾವ, ಗೆಲ್ಲಿಸಿದವನು ಮಾವನ ಗುಮಾಸ್ತ. ವೃಷಭೇಂದ್ರಪ್ಪ ಕಲಿತದ್ದು ಜರಿ ಪೇಟ ಸುತ್ತುವುದನ್ನು. ಒಳಗೆ ಹುಳು ಆಯುತ್ತಿದ್ದ ಬಸವಲಿಂಗಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ಉಗಿಯಬೇಕೆನಿಸಿತು. ಜೊತೆಗೆ ಆಯುತ್ತಿದ್ದವಳು ಕಾವೇರಮ್ಮ, ತಡಿಕೆಯಾಚೆಯ ಅದೇ ಮುದುಕಿ. “ಬುಡವ್ವ, ಮೊದ್ಲು ಕೈ ಓಡ್ಸು” ಎಂದಳು.

ಅಯ್ಯನವರು ಕೊನೆಯ ಪೂಜೆಗೆ ಕರೆದರು. ಇಬ್ಬರೂ ಎದ್ದು ಹೊರಗೆ ಬಂದರು. ಬಸವಲಿಂಗಮ್ಮ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿರುವಾಗ ವೃಷಭೇಂದ್ರಪ್ಪ ಮೆಲ್ಲಗೆ ಒಳಗೆ ನುಸುಳಿದ. ಒಂದು ತಟ್ಟೆಯ ಹುಳು ಇನ್ನೂ ಹಣ್ಣಾಗಿರಲಿಲ್ಲ, ಸೊಪ್ಪು ಮುಗಿಸಿ ತಲೆಯಾಡಿಸುತ್ತಿದ್ದವು. ಈ ಹೆಂಗಸಿಗೆ ಮೇವು ಹಾಕುವುದೂ ತಿಳಿಯದಲ್ಲ ಎಂದು ಮರುಗಿ, ತಿಕ್ಕುತ್ತಿದ್ದ ಹೊಗೆಸೊಪ್ಪನ್ನು ಬಾಯಿಗೆಸೆದುಕೊಂಡು, ಅದೇ ಅಂಗೈಯಲ್ಲಿ ಸೊಪ್ಪು ಬಾಚಿ ಹರಡಿದ.

ಬಸವಲಿಂಗಮ್ಮ ಬಂದು ನೋಡುವಷ್ಟರಲ್ಲಿ ಎರಡನೆಯ ತಟ್ಟೆಗೆ ಕೈ ಚಾಚಿದ್ದ. ಅವಳು ಅವನ ರಟ್ಟೆ ಹಿಡಿದು ಹೊರಕ್ಕೆ ದಬ್ಬಿದಳು. ಮೈದುನನನ್ನು ಮುಟ್ಟಿ ದಬ್ಬಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅವನು ಮೇವು ಹಾಕಿದ್ದ ತಟ್ಟೆಯನ್ನು ಎತ್ತಿ ತಂದು ಜಗಲಿಯ ಮೇಲೆ, ಹೆಣದ ಮೊಣಕಾಲಿನ ಮುಂದೆ ಕುಕ್ಕಿದಳು.

“ನೋಡ್ಕಳಿ ಎಲ್ರೂ! ಹೊಗೆಸೊಪ್ಪಿನ ಕೈಲಿ ಮೇವು ಹಾಕವ್ರೆ ನಿಮ್ಮ ಸಾವ್ಕಾರ್ರು. ಕಣ್ಣು ಬುಟ್ಟು ನೋಡ್ಕಳಿ. ನಿಮ್ಮ ಅನುಭವಸ್ಥರು ಎಲ್ಲಾ ಬೆಳೇನೂ ಕೊಂದಿದ್ದು ಹಿಂಗೇಯ!”

ಜನ ಬಗ್ಗಿ ನೋಡಿದರು. ಹುಳುಗಳು ಮೈ ಹಿಂಡಿಕೊಂಡವು, ಹಸಿರು ರಸ ಕಾರಿದವು, ತಲೆಯನ್ನು ಅತ್ತಿತ್ತ ಒಗೆದು ಒಂದೊಂದಾಗಿ ಸೆಟೆದುಕೊಂಡವು. ಇನ್ನಾದರೂ ತಿಳಿಯಿತಲ್ಲ ಎಂದು ಬಸವಲಿಂಗಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ನರಸಯ್ಯನ ಕಣ್ಣಲ್ಲಿ ನೀರು ಬಂತು. ಅವನು ಎರಡೂ ಕೈ ಮುಗಿದ.

“ಶಿವನೇ! ಮೂಕ ಪ್ರಾಣಿಗಳು ಯಜಮಾನ್ನ ಜೊತೇಲೇ ಹೊಂಟೊ ಕಣ್ರಪ್ಪ!”

“ಅಣ್ಣಾ!” ಎಂದು ವೃಷಭೇಂದ್ರಪ್ಪ ಆಗ ಮೊದಲ ಸಲ ಅತ್ತ. ಅಯ್ಯನವರು ತಟ್ಟೆಗೆ ಬಿಲ್ವಪತ್ರೆ ಹಾಕಿದರು. ಹೆಣ ಕೂರಿಸಿದ ವಿಮಾನ ಎತ್ತುವಾಗ ಆ ತಟ್ಟೆಯನ್ನು ಗವಿಸಿದ್ದಯ್ಯನ ತೊಡೆಯ ಮೇಲಿಟ್ಟರು. ಬೀದಿಯ ಹೆಂಗಸರು ಅಡ್ಡ ಬಂದು ಬಂದು ನಮಸ್ಕಾರ ಮಾಡಿದರು.

ಬಸವಲಿಂಗಮ್ಮ ನೋಡುತ್ತ ನಿಂತಿದ್ದಳು. ಆಮೇಲೆ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡು, ಒಳಗೆ ಹೋಗಿ ಅಗಳಿ ಹಾಕಿದಳು.

*

ಗಂಡಸರು ಮಣ್ಣು ಮಾಡಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಬಿಸಿಲು ಹೋದ ಅಂಗಳದಲ್ಲಿ, ಚಪ್ಪರದ ಕೆಳಗೆ, ಬಸವಲಿಂಗಮ್ಮ ತಂದಿಟ್ಟ ಚಂದ್ರಂಕಿಗಳು ಸಾಲಾಗಿ ನಿಂತಿದ್ದವು. ಒಂದೊಂದು ಸುತ್ತಿನಲ್ಲೂ ಹುಳುಗಳು ತಲೆಯಾಡಿಸುತ್ತ ಹೊಂಬಣ್ಣದ ನೂಲು ಬಿಡುತ್ತಿದ್ದವು. ಸಣ್ಣ ಸಣ್ಣ ಗೂಡುಗಳು ಆಗಲೇ ಮಸುಕಾಗಿ ಕಾಣುತ್ತಿದ್ದವು. ವೃಷಭೇಂದ್ರಪ್ಪ ಈ ತುದಿಯಿಂದ ಆ ತುದಿಗೆ ನೋಡಿ, ಬೈರಾಪಟ್ಟಣದ ಮಾತು ಎತ್ತದೆ, ಎತ್ತು ಕಟ್ಟಿಸಿದ.

“ಅಣ್ಣನ ಪುಣ್ಯ ಅತ್ತಿಗಮ್ಮ. ಅವನ ಕಷ್ಟ ಫಲ ಕೊಡ್ತು” ಎಂದ ಗಾಡಿ ಹತ್ತುತ್ತ.

“ಹೋಗ್ಬನ್ನಿ” ಎಂದಳು. ಅವನಿಗಾಗಿ ಅದಕ್ಕಿಂತ ಹೆಚ್ಚಿನ ಮಾತು ಖರ್ಚು ಮಾಡುವ ಮನಸ್ಸು ಅವಳಿಗಾಗಲಿಲ್ಲ. ಈ ಮನೆ ತನ್ನದಾಗಿ ಉಳಿಯಿತು ಎಂಬ ಸಮಾಧಾನದಲ್ಲಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು.

ಆಗ ನರಸಯ್ಯ ತನ್ನ ಮನೆಯ ಕಡೆ ಹೊರಟದ್ದು ಕಾಣಿಸಿತು. ಮುಷ್ಟಿಯಲ್ಲಿ ಏನನ್ನೋ ಎದೆಗೆ ಒತ್ತಿ ಹಿಡಿದಿದ್ದ. ಗುಂಡಿ ಮುಚ್ಚಿದ ಮೇಲೆ, ಸತ್ತವನಿಗೆ ಇಷ್ಟವೆಂದು ಎಡೆಗೆ ಹೊಗೆಸೊಪ್ಪು ಇಟ್ಟಿದ್ದರಂತೆ. ಪೂಜೆಯಾದ ಮೇಲೆ ಎಲ್ಲರೂ ಚೂರು ಚೂರು ಹಂಚಿಕೊಂಡಿದ್ದರಂತೆ. ಅವನ ಮನೆಯ ಹುಳು ಮೂರನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು, ಹಸಿದು ಸೊಪ್ಪಿಗೆ ಕಾಯುತ್ತಿದ್ದವು.

ಬೇಡವೆಂದುಕೊಂಡರೂ ಬಸವಲಿಂಗಮ್ಮನಿಂದ ಸುಮ್ಮನಿರಲು ಆಗಲಿಲ್ಲ.

“ನರಸಯ್ಯ! ಹುಳ ಮುಟ್ಟೋಕೆ ಮುಂಚೆ ಕೈ ತೊಳ್ಕಳಪ್ಪ!”

ನರಸಯ್ಯ ತಿರುಗಿ, ಇಂಥ ಮಹಾತ್ಮನಿಗೆ ಇಂಥ ಹೆಂಡತಿಯೇ ಎಂದು ಮರುಕದಿಂದ ಅವಳನ್ನು ನೋಡಿದ.

“ಪ್ರಸಾದ ಮುಟ್ಟಿದ ಕೈ ಕಣವ್ವ, ತೊಳಿಯಾದುಂಟಾ?” ಎಂದು, ಮುಷ್ಟಿಯಲ್ಲಿದ್ದುದನ್ನು ಎರಡೂ ಅಂಗೈಗೆ ಚೆನ್ನಾಗಿ ತಿಕ್ಕಿ ಕಣ್ಣಿಗೊತ್ತಿಕೊಂಡು, ಬಾಗಿಲಲ್ಲಿ ಬಗ್ಗಿ ಒಳಗೆ ಹೋದ.