ಬಿಳಿ ಪಂಚೆ, ಗೋಣಿಚೀಲ

ಸಿಂಚನ ತಾಯಿಗೆ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ‘ಕಾಲೇಜಿನ ಪ್ರಾಜೆಕ್ಟಮ್ಮ, ಗೂಡಿನ ಫೋಟೊ ಬೇಕು’ ಅಂದಿದ್ದಳು. ಉಳಿದರ್ಧವನ್ನು ನುಂಗಿಕೊಂಡಿದ್ದಳು. ಅದಕ್ಕೀಗ ಆರು ವಾರ.

ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದವಳು. ದೇವನಹಳ್ಳಿಯ ಸಣ್ಣದೊಂದು ಕಂಪನಿಯಲ್ಲಿ ಇಂಟರ್ನ್‌ಶಿಪ್. ಒಳ್ಳೆಯ ರೇಷ್ಮೆಗೂಡು ಯಾವುದು, ಹಾಳುಗೂಡು ಯಾವುದು ಎಂದು ಫೋಟೊ ನೋಡಿ ಹೇಳುವುದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅದು ಕಲಿತರೆ ಮೊದಲ ಯಂತ್ರ ಅಲ್ಲೇ ಹತ್ತಿರದ ವಿಜಯಪುರದಲ್ಲಿ ಅಪ್ಪಯ್ಯಣ್ಣ ನಡೆಸುವ ಫಿಲೇಚರಿಗೆ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ; ಸಿಂಚನಳಿಗೆ ಕೆಲಸ ಖಾಯಂ. ಆದರೆ ಅದೇ ಫಿಲೇಚರಿನಲ್ಲಿ, ನೂಲು ಬಿಚ್ಚುವ ಮೊದಲು ಗೂಡು ಆರಿಸುವ ಐವರು ಹೆಂಗಸರಲ್ಲಿ ಅವಳ ತಾಯಿ ಅಂಜಿನಮ್ಮನೂ ಒಬ್ಬಳು. ಇಪ್ಪತ್ತು ವರ್ಷದಿಂದ. ಯಂತ್ರ ಬಂದರೆ ಆ ಐವರೂ ಮನೆಗೆ. ಇದನ್ನು ಹೆತ್ತವಳಿಗೆ ಯಾವ ಬಾಯಲ್ಲಿ ಹೇಳುವುದು?

ಭಾನುವಾರಗಳಂದು ಜಗಲಿಯ ಮೇಲೆ ಅಂಜಿನಮ್ಮ ಫಿಲೇಚರಿನಿಂದ ತಂದ ಗೂಡು ಆರಿಸಿ ಹರಡುತ್ತಿದ್ದಳು, ಮಗಳು ಫೋಟೊ ತೆಗೆಯುತ್ತಿದ್ದಳು. ನಾಲ್ಕು ಸಾವಿರ ಫೋಟೊ ಆದವು. ಕಂಪ್ಯೂಟರ್ ನೂರಕ್ಕೆ ತೊಂಬತ್ತೆಂಟು ಸರಿ ಹೇಳಿತು.

“ಸೂಪರ್ ಕಣಮ್ಮ. ಗುರುವಾರ ಅಪ್ಪಯ್ಯಣ್ಣನ ಮುಂದೆ ತೋರಿಸ್ಬಿಡೋಣ” ಎಂದರು ಕಂಪನಿಯ ಅಮರ್ ಸರ್.

ಬುಧವಾರ ಸಂಜೆ, ಕೊನೆಯದಾಗಿ ಒಮ್ಮೆ ನೋಡೋಣವೆಂದು ಕೂತಾಗ ಕಲೆ ಬಿದ್ದ ಒಂದು ಹಾಳುಗೂಡು ಉರುಳಿ ಬಿಳಿ ಪಂಚೆಯ ಮೇಲೆ ಬಿದ್ದಿತ್ತು. ಕಂಪ್ಯೂಟರ್ ಕಲಿತದ್ದನ್ನು ಫೋನಿಗೂ ಹಾಕಿಕೊಂಡಿದ್ದ ಸಿಂಚನ ಅದಕ್ಕೇ ಫೋನು ಹಿಡಿದಳು. ‘ಒಳ್ಳೆಯದು’ ಎಂದು ತೋರಿಸಿತು. ಬೆಳ್ಳಗಿನ, ಗಟ್ಟಿ ಗೂಡೊಂದನ್ನು ತೆಗೆದು ಗೋಣಿಚೀಲದ ಮೇಲಿಟ್ಟಳು. ‘ಹಾಳು’ ಎಂದಿತು. ಮತ್ತೆರಡು ಗೂಡು ಹಾಗೆಯೇ ಇಟ್ಟು ನೋಡಿದಳು, ಅದೇ ಕಥೆ.

ಒಳ್ಳೆಯ ಗೂಡಿಗೆ ಗೋಣಿ ತಾಗಬಾರದು, ನಾರು ಅಂಟುತ್ತದೆ ಎಂಬುದು ಅಂಜಿನಮ್ಮನ ಕಟ್ಟುನಿಟ್ಟು. ಒಳ್ಳೆಯವು ಒಗೆದ ಬಿಳಿ ಪಂಚೆಗೆ, ಹಾಳು ಗೋಣಿಗೆ. ನಾಲ್ಕು ಸಾವಿರ ಫೋಟೊದಲ್ಲೂ ಹಾಗೆಯೇ. ಆ ಮುಂಡೇದು ಗೂಡಿನ ಮುಖವನ್ನೇ ನೋಡಿರಲಿಲ್ಲ, ಪಂಚೆ ನೋಡಿಕೊಂಡು ಪಾಸಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತೇನೋ. ಆ ಮನೆಯಲ್ಲಿ ಹುಟ್ಟಿದವಳ ಕಣ್ಣಿಗೆ ಪಂಚೆಯೂ ಬೀಳಲಿಲ್ಲ, ಗೋಣಿಯೂ ಬೀಳಲಿಲ್ಲ.

ನಾಳೆಯೂ ಪಂಚೆ, ಗೋಣಿ ಹಾಸಿಯೇ ತೋರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಕೆಲಸ ಕೈಗೆ ಬರುತ್ತದೆ. ಯಂತ್ರ ಎಡವಿದ ದಿನ ಅಪ್ಪಯ್ಯಣ್ಣ ಹೆಂಗಸರನ್ನು ತಾನೇ ಕರೆಸಿಕೊಳ್ಳುತ್ತಾನೆ. ಒಂದು ಗಳಿಗೆ ಅವಳ ಮನಸ್ಸು ಇದಕ್ಕೆ ಒಪ್ಪಿಯೂ ಬಿಟ್ಟಿತ್ತು, ಇಲ್ಲವೆನ್ನಲು ಬರುವುದಿಲ್ಲ.

ಕಾಫಿ ತಂದ ಅಂಜಿನಮ್ಮ ಮಗಳ ಮುಖ ನೋಡಿ ಅಲ್ಲೇ ಕೂತಳು. “ಯಾಕೆ ಸಿಂಚು, ಏನಾಯ್ತು?”

ಸಿಂಚನ ಎಲ್ಲವನ್ನೂ ಹೇಳಿದಳು. ಯಂತ್ರ ಯಾರ ಜಾಗಕ್ಕೆ ಬರುತ್ತದೆಂಬುದನ್ನೂ, ನಾಳೆ ತಾನು ಮಾಡಲು ಹೊರಟಿದ್ದನ್ನೂ.

ಅಂಜಿನಮ್ಮ ಪಂಚೆಯ ಮೇಲಿದ್ದ ಕಲೆಗೂಡನ್ನು ಎತ್ತಿ ಗೋಣಿಗೆ ಹಾಕಿದಳು.

“ಹಾಳುಗೂಡು ಬಿಸಿನೀರಿನ ಬಾಣಲಿಗೆ ಬಿದ್ರೆ ನೂಲು ಕಿತ್ಕೊಂಡು ಹೋಗ್ತದೆ” ಎಂದಳು. “ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಬೇಕಂತ ಒಂದೂ ಹೋಗಿಲ್ಲ. ನಿಮ್ಮ ಸರ್‌ಗೆ ಫೋನ್ ಮಾಡು.”

ಅಮರ್ ಸರ್ ಬೈಯಲಿಲ್ಲ. ಅದೇ ಇನ್ನೂ ಕಷ್ಟವಾಯಿತು. “ನಾಳೆ ಬರೋದು ಬೇಡ ಅಂತ ಅಪ್ಪಯ್ಯಣ್ಣಂಗೆ ಹೇಳ್ತೀನಿ. ಹದಿನೈದು ದಿನದಲ್ಲಿ ಎಲ್ಲಾ ಫೋಟೊ ಮತ್ತೆ ತೆಗಿ, ಒಳ್ಳೇದು ಹಾಳು ಎರಡನ್ನೂ ಪಂಚೆ ಮೇಲೂ ಗೋಣಿ ಮೇಲೂ ಇಟ್ಟು. ಕೆಲಸದ ಮಾತು ಆಮೇಲೆ ನೋಡೋಣ” ಎಂದು ಫೋನ್ ಇಟ್ಟರು.

ಅಂಜಿನಮ್ಮ ಗೋಣಿಚೀಲ ಕೊಡವಿ ಹಾಸಿದಳು. ಒಂದು ಒಳ್ಳೆಯ ಗೂಡನ್ನು ಎತ್ತಿಕೊಂಡಳು. ಕೈ ಗೋಣಿಯ ಮೇಲೆ ಬಂದು ಅಲ್ಲೇ ನಿಂತಿತು, ಇಳಿಯಲೊಲ್ಲದು.

“ಇದು ಸರಿಯಾಗಿ ಕಲ್ತ ಮೇಲೆ ನಾವು ಬೇಕಾಗಲ್ಲ, ಅಲ್ವಾ?”

“ಬೇಕಾಗಲ್ಲಮ್ಮ.” ಸಿಂಚನಳಿಗೆ ಅಳು ಬಂತು.

“ಹಂಗಾದ್ರೆ ಚೆನ್ನಾಗಿ ಕಲಿಸು. ಅರೆಬರೆ ಕಲ್ತದ್ದು ಬಂದು ನನ್ನ ಜಾಗದಲ್ಲಿ ಕೂತ್ಕೋಬಾರ್ದು.”

ಗೂಡನ್ನು ಗೋಣಿಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. “ತೆಗಿ ಫೋಟೊ” ಎಂದಳು.