ಆರಿಸಿ ತೆಗೆದ ಬೀಜ

ನನ್ನ ಕೆಲಸ ಬೂಷ್ಟು ಹುಡುಕುವುದು. ಹೀಗೆಂದರೆ ಜನ ನಗುತ್ತಾರೆ. ಬೂಷ್ಟು ಕಣ್ಣಿಗೇ ಕಾಣುತ್ತದಲ್ಲ, ಅದಕ್ಕೆ ಸಂಬಳ ಬೇರೆ ಕೊಡುತ್ತಾರಾ ಎಂದು ಕೇಳುತ್ತಾರೆ. ಕಾಣುವ ಬೂಷ್ಟನ್ನು ಯಾರು ಬೇಕಾದರೂ ಎಸೆದಾರು. ಪ್ರಯೋಗಾಲಯದಲ್ಲಿ ನಾನು ಹುಡುಕುವುದು ಅದು ಬಿಟ್ಟುಹೋದ ವಿಷವನ್ನು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹುರಿದರೂ ಕುದಿಸಿದರೂ ಅದು ಜಗ್ಗುವುದಿಲ್ಲ. ಕಾಫಿ ಬೀಜದಲ್ಲಿ, ಜೋಳದಲ್ಲಿ, ಸೇಬಿನ ರಸದಲ್ಲಿ, ಕೆಟ್ಟ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ, ಎಲ್ಲಿ ಬೇಕಾದರೂ ಇರಬಹುದು. ಒಂದು ದಿನ ತಿಂದರೆ ಬಹುಮಟ್ಟಿಗೆ ಏನೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ತಿಂದರೆ ಲಿವರಿಗೆ ಕುತ್ತು.

ಈ ವಿದ್ಯೆಯಿಂದಾಗಿ ನಾನು ಬಂಧುಬಳಗದ ಪಾಲಿಗೆ ದೊಡ್ಡ ಪೀಡೆ. ಯಾರ ಮನೆಗೆ ಹೋದರೂ ಡಬ್ಬಿ ತೆರೆದು ಮೂಗು ತೂರಿಸುತ್ತೇನೆ. ‘ಬೂಷ್ಟಪ್ಪ ಬಂದ, ಬೀರು ಮುಚ್ಚಿ’ ಎಂದು ಅಕ್ಕನ ಮಗಳು ಬಾಗಿಲಲ್ಲೇ ಕೂಗುತ್ತಾಳೆ. ನನಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ. ಸುಳ್ಳು ಯಾಕೆ ಹೇಳಲಿ?

ಅಕ್ಕ ಪೀನಟ್ ಬಟರ್ ಮಾಡಿ ಮಾರುತ್ತಾಳೆ. ಮನೆಯ ಹಿಂದಿನ ಎರಡು ಕೋಣೆಗಳೇ ಅವಳ ಕಾರ್ಖಾನೆ. ಒಂದರಲ್ಲಿ ಹುರಿಯುವ ಡ್ರಮ್ಮು, ಇನ್ನೊಂದರಲ್ಲಿ ಅರೆಯುವ ಯಂತ್ರ. ಹನ್ನೊಂದು ವರ್ಷದ ಹಿಂದೆ ಅವಳು ಇದನ್ನು ಶುರುಮಾಡಿದಾಗ ನಾನು ಒಂದು ಇಡೀ ಮಧ್ಯಾಹ್ನ ಅವಳ ತಲೆ ತಿಂದಿದ್ದೆ. ಕಿಟಕಿಯ ಬೆಳಕಿಗೆ ಮೇಜು ಎಳೆಸಿ, ಬಿಳಿ ಟ್ರೇ ತುಂಬ ಕಡಲೆಬೀಜ ಹರಡಿ, ಸುಕ್ಕುಗಟ್ಟಿದ್ದು ಇದು, ಬಣ್ಣಗೆಟ್ಟಿದ್ದು ಇದು, ಸಿಪ್ಪೆ ಒಡೆದು ಒಳಗೆ ಕಪ್ಪಾಗಿದ್ದು ಇದು ಎಂದು ಒಂದೊಂದನ್ನೇ ತೋರಿಸಿದ್ದೆ. ವಿಷವಿದ್ದರೆ ಹೆಚ್ಚಾಗಿ ಇಂಥವುಗಳಲ್ಲೇ. ಚೀಲಕ್ಕೆ ಒಂದು ಹಿಡಿ ಸಿಕ್ಕರೂ ಸಾಕು, ಅರೆದ ಮೇಲೆ ಎಲ್ಲ ಡಬ್ಬಿಗೂ ಹರಡಿಬಿಡುತ್ತದೆ ಎಂದಿದ್ದೆ. ಅವಳು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಕಲಿತಳು. ಅಂದಿನಿಂದ ದಿನಾ ಬೆಳಿಗ್ಗೆ ಮೂರು ಗಂಟೆ ಕಾಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೀಜ ಆರಿಸುತ್ತಾಳೆ.

ಆರು ತಿಂಗಳಿಗೊಮ್ಮೆ ಅವಳ ಒಂದು ಡಬ್ಬಿ ಒಯ್ದು ನಾನೇ ಪರೀಕ್ಷೆ ಮಾಡುತ್ತೇನೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಪ್ರಯೋಗಾಲಯದ ಯಂತ್ರ ವಿಷವಿದೆಯೆಂದು ತುಟಿ ಬಿಚ್ಚಿಲ್ಲ. ದೊಡ್ಡ ದೊಡ್ಡ ಕಂಪನಿಗಳ ಮಾಲು ಫೇಲಾದಾಗಲೆಲ್ಲ ನಾನು ಸಹೋದ್ಯೋಗಿಗಳ ಮುಂದೆ ಅಕ್ಕನ ಫಲಿತಾಂಶ ತೆಗೆದು ತೋರಿಸುತ್ತಿದ್ದೆ. ಅವಳಿಗಿಂತ ನನಗೇ ಎರಡು ಕೋಡು ಮೂಡುತ್ತಿದ್ದವು.

ಈ ಸಲ ಡಬ್ಬಿ ಒಯ್ಯಲು ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತಿಗೆ ಹೋದೆ. ಅಕ್ಕ ಅರೆಯುವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತು, ಚೀಟಿಯಿಲ್ಲದ ಒಂದು ಬಾಟಲಿಯಿಂದ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಿದ್ದಳು. ಅದರ ಬಣ್ಣ ಎಂದಿನದಕ್ಕಿಂತ ಗಾಢವಾಗಿತ್ತು.

“ಓಹೋ! ಒಳ್ಳೇದನ್ನೆಲ್ಲ ಬಚ್ಚಿಟ್ಟುಕೊಂಡು ಒಬ್ಬಳೇ ತಿಂತಾ ಇದೀಯ?” ಎಂದು ಚಮಚ ಹಾಕಲು ಹೋದೆ.

ಅವಳು ಬಾಟಲಿಯನ್ನು ಕಸಿದುಕೊಂಡಳು. “ಇದು ನಿನಗಲ್ಲ ಕಣೋ. ತಡಿ, ಅಂಗಡಿಗೆ ಕೊಡೋದರಲ್ಲಿ ಒಂದು ಡಬ್ಬಿ ತೆಗೆದುಕೊಡ್ತೀನಿ.”

“ಯಾಕೆ, ಇದರಲ್ಲೇನಿದೆ?”

“ಏನಿರುತ್ತೆ? ಆರಿಸಿ ತೆಗೆದ ಬೀಜ. ಅಷ್ಟೊಂದನ್ನ ಬಿಸಾಕೋಕೆ ಮನಸ್ಸು ಬರುತ್ತಾ? ಇದ್ದಬದ್ದ ವಿಷ ಹೋಗಲಿ ಅಂತ ಇನ್ನೂ ಚೆನ್ನಾಗಿ ಹುರಿದು, ನನಗೆ ಅಂತ ಒಂದು ಬಾಟಲಿ ಮಾಡ್ಕೋತೀನಿ. ಕೊನೇಲಿ ಸ್ವಲ್ಪ ಕಹಿ ಬರುತ್ತೆ, ಅಷ್ಟೇ. ರೂಢಿಯಾಗಿದೆ.”

ನಾನು ಚಮಚ ಕೆಳಗಿಟ್ಟೆ. “ಯಾವಾಗಿಂದ?”

“ಮೊದಲಿಂದಲೂ. ಅದಕ್ಯಾಕೆ ಹಂಗೆ ಕಣ್ಣು ಬಿಡ್ತೀಯ?”

“ಮಗಳಿಗೆ?”

“ಅಯ್ಯೋ, ಮಗುಗೆ ಇದನ್ನ ಕೊಡ್ತಾರೇನೋ? ಅವಳಿಗೂ ನಿಮ್ಮ ಭಾವನಿಗೂ ಅಂಗಡಿದೇ. ಇದು ನನಗೊಬ್ಬಳಿಗೆ.”

ಒಂದು ಕ್ಷಣ ನನಗೆ ಸಮಾಧಾನವಾಯಿತು. ಸದ್ಯ, ಒಬ್ಬಳೇ ತಾನೇ ಅನ್ನಿಸಿತು. ಆ ಒಬ್ಬಳು ಯಾರು ಎಂಬುದು ಮರುಕ್ಷಣ ತಲೆಗೆ ಹೋಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಂಗಡಿಯ ಡಬ್ಬಿಯ ಜೊತೆ ಆ ಬಾಟಲಿಯನ್ನೂ ಒಯ್ದೆ. ದಾರಿಯುದ್ದಕ್ಕೂ ಆ ಹನ್ನೊಂದು ವರ್ಷದ ಹಿಂದಿನ ಮಧ್ಯಾಹ್ನವನ್ನು ಜಾಲಾಡಿದೆ. ಯಾವ ಬೀಜ ತೆಗೆಯಬೇಕು, ಯಾಕೆ ತೆಗೆಯಬೇಕು, ಯಾವ ಬೆಳಕಿನಲ್ಲಿ ತೆಗೆಯಬೇಕು, ಎಲ್ಲ ಹೇಳಿದ್ದೆ. ತೆಗೆದದ್ದನ್ನು ಏನು ಮಾಡಬೇಕು ಎಂದು ಹೇಳಿರಲಿಲ್ಲ. ಹುರಿದರೂ ಅದು ಸಾಯುವುದಿಲ್ಲ ಎಂದೂ ಹೇಳಿರಲಿಲ್ಲ. ಪ್ರಯೋಗಾಲಯದಲ್ಲಿ ತೆಗೆದದ್ದೆಲ್ಲ ಸುಡಲು ಕಳಿಸುವ ಕೆಂಪು ಚೀಲಕ್ಕೆ ಹೋಗುತ್ತದೆ. ಅದನ್ನು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಊರವರ ಡಬ್ಬಿಗೆಲ್ಲ ಮೂಗು ತೂರಿಸುವ ನಾನು, ಅಕ್ಕ ಏನು ತಿನ್ನುತ್ತಾಳೆಂದು ಒಂದು ದಿನವೂ ನೋಡಿರಲಿಲ್ಲ.

ಅಂಗಡಿಯ ಡಬ್ಬಿ ಎಂದಿನಂತೆ ಶುದ್ಧ. ಬಾಟಲಿಯದ್ದರಲ್ಲಿ ವಿಷ ಕಾನೂನಿನ ಮಿತಿಯ ನಲವತ್ತು ಪಟ್ಟು. ನಂಬಲಾಗದೆ ಇನ್ನೆರಡು ಸಲ ಮಾಡಿದೆ. ನಲವತ್ತೊಂದು, ಮೂವತ್ತೊಂಬತ್ತು.

ಹೋಗಿ ಹೇಳಿದಾಗ ಅಕ್ಕ ಮೊದಲು ಕೇಳಿದ್ದು, “ಗಿರಾಕಿಗಳಿಗೆ ಏನೂ ಹೋಗಿಲ್ಲ ತಾನೇ?”

“ಗಿರಾಕಿಗಳ ಮನೆ ಹಾಳಾಗ! ನಿನ್ನ ಗತಿ ಏನು ಅಂತ ಕೇಳು!” ಎಂದು ಕಿರುಚಿದೆ. ಅವಳ ಮೇಲೆ ನಾನು ಅಷ್ಟು ದೊಡ್ಡ ದನಿ ಎತ್ತಿದ್ದು ಅದೇ ಮೊದಲು. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಬೀಜವನ್ನು ಟ್ರೇಗೆ ಹಾಕಿ, ಕೈ ತೊಳೆದುಕೊಂಡು ಬಂದು, ಸೀರೆ ಬದಲಾಯಿಸಲು ಒಳಗೆ ಹೋದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಆ ನಾಲ್ಕು ದಿನವೂ ಅಕ್ಕ ಬೀಜ ಆರಿಸಿದಳು, ಆರಿಸಿ ತೆಗೆದದ್ದನ್ನು ನಾನು ತಂದುಕೊಟ್ಟ ಕೆಂಪು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು.

ಐದನೆಯ ದಿನ ಡಾಕ್ಟರಮ್ಮ ರಿಪೋರ್ಟನ್ನು ಎರಡೆರಡು ಸಲ ಓದಿದರು. ನಾವಿಬ್ಬರೂ ಅವರ ಮುಂದೆ ಅಕ್ಕಪಕ್ಕ ಕೂತಿದ್ದೆವು.

“ಲಿವರಲ್ಲಿ ಒಂದು ಕಡೆ ಸಣ್ಣ ಗಂಟು ಕಾಣ್ತಾ ಇದೆ. ಏನು ಅಂತ ಈಗಲೇ ಹೇಳೋಕಾಗಲ್ಲ, ಆ ಬೀಜದಿಂದಲೇ ಬಂತು ಅಂತಲೂ ಹೇಳೋಕಾಗಲ್ಲ. ನಾಳೆ ಇನ್ನೊಂದು ಪರೀಕ್ಷೆ ಮಾಡೋಣ,” ಎಂದರು. ಆಮೇಲೆ ಕನ್ನಡಕ ತೆಗೆದು ಅಕ್ಕನನ್ನು ನೋಡಿದರು. “ಅಲ್ಲಮ್ಮ, ಕೆಟ್ಟ ಬೀಜ ಯಾವುದು ಅಂತ ಇಷ್ಟು ಚೆನ್ನಾಗಿ ಗೊತ್ತಿದ್ದು ಅದನ್ನೇ ತಿಂದಿದೀರಲ್ಲ! ತಿನ್ನಬಾರದು ಅಂತ ನಿಮಗೆ ಯಾರೂ ಹೇಳಲಿಲ್ವಾ?”

ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

“ಹೇಳಿದ್ದ ಡಾಕ್ಟ್ರೇ. ಇವನು ನನ್ನ ತಮ್ಮ, ಇದೇ ಕೆಲಸದಲ್ಲಿರೋದು. ಮೊದಲನೇ ದಿನವೇ ಬಿಡಿಸಿ ಬಿಡಿಸಿ ಹೇಳಿದ್ದ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ.”

ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಳ್ಳತೊಡಗಿದರು. ಮೇಜಿನ ಕೆಳಗೆ ಅಕ್ಕ ನನ್ನ ಮಂಡಿಯನ್ನು ಒತ್ತಿ ಹಿಡಿದಿದ್ದಳು, ಸುಮ್ಮನಿರು ಎನ್ನುವಂತೆ. ಸುಮ್ಮನಿದ್ದುಬಿಡುವುದು ಎಷ್ಟು ಸುಲಭವಾಗಿತ್ತು! ನನಗೆ ಅಳು ಉಕ್ಕಿ ಬಂತು.

“ಇಲ್ಲ ಡಾಕ್ಟ್ರೇ,” ಎಂದೆ. “ನಾನು ಹೇಳಿರಲಿಲ್ಲ.”