ಮುಚ್ಚಳದ ಒಳಗಿನ ಕೈಗಳು

ನಾನು ಒಂದು ಸಾಗವಾನಿ ಪೆಟ್ಟಿಗೆ. ಬೆಟಗೇರಿಯ ಕಾಳಪ್ಪ ಬಡಿಗೇರ ಮಳೆಗಾಲವಿಡೀ ಉಳಿ ಹಿಡಿದು ನನ್ನನ್ನು ರೂಪಿಸಿದ. ಒಂದು ಮೊಳೆಯನ್ನೂ ಬಡಿಯಲಿಲ್ಲ; ಹಲಗೆಗಳ ಅಂಚಿನಲ್ಲಿ ಹಲ್ಲು ಕೊರೆದು, ಹಲ್ಲಿಗೆ ಹಲ್ಲು ಕೂಡಿಸಿದ. ನನ್ನ ಹೊರಮೈಯನ್ನು ಊರೆಲ್ಲ ಹೊಗಳಿತು. ನನ್ನ ಜೀವ ಇರುವುದು ಮುಚ್ಚಳದ ಒಳಮೈಯಲ್ಲಿ.

ನಾನು ಸೇರಿದ ಮನೆಯಲ್ಲೊಂದು ವಾಡಿಕೆ. ಮದುವೆಯಾದ ಮಗಳು ಗಂಡನ ಮನೆಗೆ ಹೊರಡುವಾಗ ಅರಿಶಿನದ ಅಂಗೈಯನ್ನು ಆ ಮುಚ್ಚಳದೊಳಗೆ ಒತ್ತಬೇಕು. ಸೀರೆಗಳು ಅವಳೊಡನೆ ಹೋಗುತ್ತವೆ. ಕೈ ತವರಿನಲ್ಲಿ ಉಳಿಯುತ್ತದೆ. ಹಾಗೆ ಉಳಿದವು ಎರಡು: ನೀಲಗಂಗವ್ವನದು, ಅವಳ ತಂಗಿ ಸಾತವ್ವನದು. ಸಾತವ್ವ ಚೊಚ್ಚಲ ಹೆರಿಗೆಯಲ್ಲಿ ತೀರಿಹೋದಳು. ಅವಳದೊಂದು ಫೋಟೋ ಸಹ ಇರಲಿಲ್ಲ. ವಿಧವೆಯಾಗಿ ತವರಿಗೆ ಮರಳಿದ ನೀಲಗಂಗವ್ವ ಆಗಾಗ ನನ್ನನ್ನು ತೆರೆದು, ತಂಗಿಯ ಕೈಯೆದುರು ತನ್ನ ಕೈಯನ್ನು ಮುಟ್ಟಿಯೂ ಮುಟ್ಟದಂತೆ ಹಿಡಿಯುತ್ತಿದ್ದಳು.

ಅವಳ ತಮ್ಮನ ಮಗ ಈರಣ್ಣನಿಗೆ, ಮಗಳ ಮದುವೆಯ ಹೊತ್ತಿಗೆ ನಾನು ಪಡಸಾಲೆಯಲ್ಲಿ ಹೊಳೆಯಬೇಕಿತ್ತು. ಪಾಲಿಶ್ ಕೆಲಸದ ಹುಸೇನಸಾಬ ಬಂದು ನನ್ನ ಮಸಿಯನ್ನೆಲ್ಲ ಉಜ್ಜಿ ತೆಗೆದ.

"ಅರಗಿನ ಪಾಲಿಶ್ ಸ್ಪಿರಿಟ್‌ನ್ಯಾಗ ಕರಗಿಸಿದ್ದು, ಅವ್ವಾರ. ಅರಿಶಿನ ಅದರ ಕೂಡ ಎದ್ದು ಬರ್ತೈತಿ. ಹೊರಗಷ್ಟ ಹಚ್ಚೂಣು, ಒಳಗ ಏನೂ ಬ್ಯಾಡ."

"ಬೀಗರು ಮುಚ್ಚಳ ತೆಗದು ನೋಡಿದರ?" ಎಂದ ಈರಣ್ಣ.

"ಬೀಗರು ಮನಿತುಂಬಿಸಿಕೊಳ್ಳೂದು ನಿನ್ನ ಮಗಳನ್ನೋ, ಈ ಪೆಟಗಿನೋ?" ಎಂದಳು ನೀಲಗಂಗವ್ವ.

ಹುಸೇನಸಾಬ ಒಂದು ಮಗ್ಗುಲು ಮುಗಿಸಿ ಊಟಕ್ಕೆ ಹೋದ. ಈರಣ್ಣ ಸ್ಪಿರಿಟ್ ಇಲ್ಲದ ನೀರಿನ ವಾರ್ನಿಶ್ ಡಬ್ಬಿ ತಂದ. ಬಣ್ಣ ಬದಲಾಗದೆಂದು ಅಂಗಡಿಯವನು ಹೇಳಿದ್ದನಂತೆ. ಮೂಲೆಯಲ್ಲಿ ಬೆರಳಗಲ ಹಚ್ಚಿ ನೋಡುವಷ್ಟು ತಾಳ್ಮೆಯೂ ಆ ಮನುಷ್ಯನಿಗಿರಲಿಲ್ಲ! ಬ್ರಷ್ಷನ್ನು ನೇರ ಸಾತವ್ವನ ಕೈಮೇಲೆಯೇ ಎಳೆದ. ಡಬ್ಬಿಯಲ್ಲಿ ಯಾವ ಕ್ಷಾರವಿತ್ತೋ. ಸುಣ್ಣ ತಾಗಿದಂತೆ ಆ ಹಳದಿ ಕೆಂಪಾಯಿತು. ಐದು ಬೆರಳುಗಳೂ ನೆತ್ತರಾಗಿ ಕೆಳಗಿಳಿದವು. ಬಾಯಿದ್ದರೆ ನಾನು ಚೀರುತ್ತಿದ್ದೆ. ಹಲ್ಲುಗಳಿದ್ದೂ ಕಚ್ಚಲಾರದೆ ಹೋದೆ.

ನೀಲಗಂಗವ್ವ ಓಡಿಬಂದಳು. "ಏನ ಮಾಡಿದ್ಯೋ, ಮೂಳಾ!" ಒರೆಸಲು ಎತ್ತಿದ ಅವಳ ಕೈ ನಡುವೆಯೇ ನಿಂತಿತು. ಒರೆಸಿದರೆ ಉಳಿದದ್ದೂ ಹೋಗುತ್ತಿತ್ತು.

"ಮತ್ತ ಅರಿಶಿನ ಹಚ್ಚಿ ಒತ್ತಿದರಾತು ಬಿಡು, ಅತ್ತಿ."

"ಸತ್ತಾಕಿ ಕೈ ಎಲ್ಲಿಂದ ತರ್ತಿ?"

ಅವಳು ನನ್ನನ್ನು ತನ್ನ ಕೋಣೆಗೆ ಎಳೆಸಿದಳು. ಇನ್ನಾವ ಲೇಪವನ್ನೂ ಹಚ್ಚಗೊಡಲಿಲ್ಲ. ಒಂದು ಮಗ್ಗುಲು ಮಿರುಗುತ್ತ, ಮೂರು ಮಗ್ಗುಲು ಬೋಳಾಗಿ ನಾನು ಅಲ್ಲಿಯೇ ಮುದಿಯಾಗುತ್ತಿದ್ದೇನೆ. ಈರಣ್ಣನ ಮಗಳು ಹೊರಟ ದಿನ ನೀಲಗಂಗವ್ವನೇ ಮುಚ್ಚಳವೆತ್ತಿ ಹಿಡಿದಳು. ಆ ಕೆಂಪಿನ ಪಕ್ಕದಲ್ಲಿ ಹಸಿ ಹಳದಿಯ ಹೊಸ ಕೈಯೊಂದು ಮೂಡಿತು.

ಈಚೆಗೆ ಈರಣ್ಣ ಒಬ್ಬನೇ ಬಂದು ನನ್ನನ್ನು ತೆರೆಯುತ್ತಾನೆ. ಮಗಳ ಕೈಯತ್ತ ಬೆರಳು ಚಾಚಿ ಹಿಂತೆಗೆಯುತ್ತಾನೆ. ಮೊನ್ನೆ ಅವನ ಹೆಂಡತಿ ಒದ್ದೆ ಬಟ್ಟೆ ಹಿಡಿದು ಬಂದಾಗ, "ಒಳಗ ಮುಟ್ಟಬ್ಯಾಡ!" ಎಂದು ಗದರಿದವನು ಅವನೇ.

ಆ ಮಾತು ಕೇಳಿಯೂ ನಾನು ಅವನನ್ನು ಕ್ಷಮಿಸಲಿಲ್ಲ.